ಗೋಡೆಯ ಮೇಲಿನ ಶಿರಸ್ತ್ರಾಣ

ಗ್ರೀಕ್ ಅರಸನೊಬ್ಬನ ಭೋಜನಶಾಲೆಯ ಗೋಡೆಯಲ್ಲಿ, ಅವನು ಯುದ್ಧದಲ್ಲಿ ಕೊಂದ ಥೆರೋನ್ ಎಂಬ ಸಾಮಾನ್ಯ ಸೈನಿಕನ ಶಿರಸ್ತ್ರಾಣ ತೂಗುತ್ತಿತ್ತು. ಗಾಯಕ ಆ ಯುದ್ಧದ ಹಾಡು ಎತ್ತಿಕೊಂಡಾಗಲೆಲ್ಲ ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು.

"ಥೆರೋನ್ ಜೇನು ಸಾಕುವವನ ಮಗ, ಹೊಸ ಮದುವಣಿಗ ಎಂದೆಲ್ಲ ಹಾಡಿ, ಮರುಸಾಲಿನಲ್ಲೇ ಅವನನ್ನು ಕೊಲ್ಲುತ್ತೀರಲ್ಲ, ಯಾಕೆ?" ಎಂದು ಅದು ಗಾಯಕನ ತಂತಿವಾದ್ಯವನ್ನು ಕೇಳಿತು.

"ಸತ್ತವನಿಗೂ ಒಂದು ಮನೆಯಿತ್ತು ಎಂದರೆ ತಾನೇ ಕೊಂದವನ ಈಟಿಗೆ ತೂಕ? ಸಣ್ಣವರು ಕಾವ್ಯಕ್ಕೆ ಬರುವುದೇ ಅದಕ್ಕೆ," ಎಂದಿತು ವಾದ್ಯ.

"ಹಾಗಾದರೆ ಅವನು ಹುಟ್ಟಿದ್ದೂ ನಿಮ್ಮ ಅರಸನ ಹೊಗಳಿಕೆಗೇನು?"

ವಾದ್ಯ ಹಾಡಿಗೆ ದನಿಗೂಡಿಸಿತು. ಹಾಡಿನಲ್ಲಿ ಥೆರೋನ್ ಬಂದ, ಅವನ ತಂದೆಯ ಹೆಸರು ಬಂತು, ಅರಸನ ಈಟಿ ಮೇಲೆದ್ದಿತು. ಆಗ ಶಿರಸ್ತ್ರಾಣ ಗೂಟದಿಂದ ಕಿತ್ತುಕೊಂಡು ಕಲ್ಲುನೆಲಕ್ಕೆ ಅಪ್ಪಳಿಸಿತು. ಬೆಚ್ಚಿಬಿದ್ದ ಗಾಯಕನಿಗೆ ಮುಂದಿನ ಸಾಲು ಮರೆತೇಹೋಯಿತು. ಅರಸ ಎಷ್ಟು ಗದರಿದರೂ ನೆನಪಾಗಲಿಲ್ಲ.

ಎತ್ತಿದ ಈಟಿ ಎತ್ತಿದಂತೆಯೇ ಉಳಿಯಿತು. ಅಂದಿನ ಹಾಡಿನಲ್ಲಿ ಥೆರೋನ್ ಸಾಯಲಿಲ್ಲ.