ಅಜ್ಜನ ಬಣ್ಣ ಕೇಳಿದ ದುಗ್ಗ

ಒಂದೂರಲ್ಲಿ ಮಾಳವ್ವ ಅನ್ನೋಳು ಇದ್ದಳು. ಕಣಜದ ಇಲಿ ಹಿಡಿಯೋಕೆ ಕೇರೆಹಾವು ಸಾಕಿ ಊರವರಿಗೆ ಕೊಡೋದು ಅವಳ ಕಸುಬು. ಅವಳ ಹಾವುಗಳೆಲ್ಲ ಚುರುಕು, ಮಗ ದುಗ್ಗ ಮಾತ್ರ ಶುದ್ಧ ಪೆದ್ದ. ಇಂಥವನಿಗೆ ಹೆಣ್ಣು ಯಾರು ಕೊಟ್ಟಾರು? ಪಕ್ಕದೂರಿನ ಓಬಯ್ಯ ಒಬ್ಬನೇ, "ನಮ್ಮ ಕಣಜಕ್ಕೊಂದು ಬಿಳಿ ಕೇರೆ ತಂದುಕೊಡು, ಮಗಳನ್ನ ಕೊಡ್ತೀನಿ" ಅಂದಿದ್ದ. ಮಾಳವ್ವನ ಜೀವವೆಲ್ಲ ಆ ಮಾತಿನ ಮೇಲೇ ಇತ್ತು.

ಅವಳ ಹತ್ರ ಇದ್ದ ಬಿಳಿ ಗಂಡುಹಾವು ಮುದಿಯಾಗಿ ಸತ್ತಿತ್ತು. ಅದರ ಮರಿಗಳೆಲ್ಲ ಕಂದು.

"ಅವ್ವಾ, ಅಪ್ಪ ಬಿಳಿ, ಮಕ್ಕಳು ಕಂದು! ಬಿಳುಪು ಎಲ್ಲಿ ಹೋಯ್ತೇ?"

"ಎಲ್ಲೂ ಹೋಗಿಲ್ಲ ಕಣೋ, ಒಳಗೇ ಅಡಗೈತೆ."

ಅಡಗಿದ್ದನ್ನ ಹೊರಗೆ ತೆಗೀಬೇಡವೇ? ದುಗ್ಗ ಒಂದು ಕಂದು ಹಾವನ್ನ ಕೆರೆಗೆ ಒಯ್ದ. ಹುಣಸೆಹಣ್ಣು ಹಾಕಿ ತಿಕ್ಕಿದ. ಹಾವು ಕಚ್ಚಿತು. ಬೂದಿ ಹಾಕಿ ತಿಕ್ಕಿದ. ಮತ್ತೂ ಕಚ್ಚಿತು! ಮಾಳವ್ವ ಓಡಿ ಬಂದು ಹಾವು ಕಿತ್ತುಕೊಂಡಳು.

"ಅಯ್ಯೋ ನನ್ನ ಹಣೆಬರಹವೇ! ಅದೇನು ತಂಬಿಗೆಯೇನೋ? ಬಿಳುಪು ಗಂಡಲ್ಲೂ ಅಡಗಿರಬೇಕು, ಹೆಣ್ಣಲ್ಲೂ ಅಡಗಿರಬೇಕು. ಅಂಥಾ ಎರಡು ಕೂಡಿದರೆ ನಾಲ್ಕು ಮರಿಗೊಂದು ಬೆಳ್ಳಗೆ ಬರಬಹುದು. ಅಡಗೈತೋ ಇಲ್ಲವೋ ತಿಳೀಬೇಕಾದ್ರೆ ಮೊದಲು ಮರಿಯ ಅಜ್ಜನ ವಿಚಾರಿಸು. ತಿಳೀತೇನೋ?"

"ತಿಳೀತವ್ವಾ!"

ಮಾಳವ್ವ ಅದೇ ಮರಿಗಳಲ್ಲಿ ಒಂದು ಗಂಡು ಒಂದು ಹೆಣ್ಣು ಆರಿಸಿ ಜೊತೆ ಬಿಟ್ಟಳು. ಮೊಟ್ಟೆಯೂ ಆದವು. ಓಬಯ್ಯನ ಮಗಳಿಗೆ ಕೆಂಪು ಸೀರೆ ತರಲಿ ಅಂತ ಮಗನನ್ನ ನೇಕಾರನ ಹತ್ರ ಕಳಿಸಿದಳು.

"ಅಣ್ಣಾ, ಈ ಸೀರೆಯ ಅಜ್ಜ ಯಾವ ಬಣ್ಣ?"

"ಏನಂದೆ?"

"ಅಜ್ಜ ಅಣ್ಣಾ, ಅಜ್ಜ! ಒಳಗೇನು ಅಡಗೈತೋ ಯಾರು ಕಂಡೋರು?"

ನೇಕಾರ ಮೊಳಕೋಲು ತಗೊಂಡು ಬೀದಿಯ ಕೊನೆವರೆಗೂ ಅಟ್ಟಿದ. ಸುದ್ದಿ ಕೇಳಿ ಮಾಳವ್ವ ಹಣೆ ಚಚ್ಚಿಕೊಂಡಳು.

"ಸೀರೆಗೆ ಅಜ್ಜ ಇರ್ತಾನೇನೋ, ಮುಠ್ಠಾಳ! ಗಂಡು ಹೆಣ್ಣು ಜೊತೆ ಕೂಡಿಸೋವಾಗ ಕೇಳೋ ಮಾತದು. ಜೊತೆ ಕೂಡಿಸೋವಾಗ ಮಾತ್ರ!"

"ಈಗ ಸರಿಯಾಗಿ ತಿಳೀತವ್ವಾ!"

ಅವಳಿಗೆ ಆಗಲೇ ಹೆದರಿಕೆಯಾಗಬೇಕಿತ್ತು.

ಮೊಟ್ಟೆ ಒಡೆದವು. ಒಂದು ಕಂದು, ಇನ್ನೊಂದು ಕಂದು, ಮತ್ತೂ ಒಂದು ಕಂದು, ಆಮೇಲೆ ಹಾಲಿನಂಥಾ ಬಿಳಿ! ಮಾಳವ್ವ ಕಣ್ಣೊರೆಸಿಕೊಂಡಳು. ಬಿಳಿ ಮರಿಯನ್ನ ಬುಟ್ಟಿಗೆ ಹಾಕಿ, ಮಗನಿಗೆ ತಲೆ ಬಾಚಿ, ಓಬಯ್ಯನ ಮನೆಗೆ ಹೊರಟಳು.

ಓಬಯ್ಯ ಬುಟ್ಟಿ ತೆರೆದು ನೋಡಿ ಹಿಗ್ಗಿದ. ಮಗಳು ನೀರಿನ ಚೊಂಬು ತಂದು ನಿಂತಳು.

"ಹಾವು ನನಗೆ ಒಪ್ಪಿಗೆ. ಹುಡುಗಿ ನಿನಗೆ ಒಪ್ಪಿಗೆಯೇನಪ್ಪಾ?"

ಜೊತೆ ಕೂಡಿಸೋ ಹೊತ್ತು ಬಂತಲ್ಲ! ದುಗ್ಗ ಎದೆ ಮುಂದೆ ಮಾಡಿದ.

"ಮಾವಾ, ಇವಳಜ್ಜ ಯಾವ ಬಣ್ಣ? ವರ್ಷಕ್ಕೆ ಎಷ್ಟು ಮೊಟ್ಟೆ ಇಡ್ತಾಳೆ?"

ಹುಡುಗಿ ಚೊಂಬಿನ ನೀರನ್ನ ಅವನ ತಲೆಗೇ ಸುರಿದು ಒಳಗೆ ಹೋದಳು. ಓಬಯ್ಯ ಎದ್ದು ನಿಂತ.

"ಇಂಥಾ ಪೆದ್ದನ್ನ ಹೆತ್ತವರು ಯಾರಪ್ಪಾ!"

ಮಾಳವ್ವ ಮಗನ ತೊಡೆ ಚಿವುಟಿದಳು. ದುಗ್ಗನಿಗೆ ಹಿಗ್ಗೋ ಹಿಗ್ಗು, ಇದಕ್ಕೆ ಉತ್ತರ ಅವನಿಗೆ ಗೊತ್ತಿತ್ತು!

"ಒಬ್ಬರಿಂದ ಆಗೋ ಕೆಲಸ ಅಲ್ಲ ಮಾವಾ! ಗಂಡಲ್ಲೂ ಇರಬೇಕು, ಹೆಣ್ಣಲ್ಲೂ ಇರಬೇಕು. ನಮ್ಮಪ್ಪನ ಪೆದ್ದುತನ ಊರಿಗೆಲ್ಲ ಗೊತ್ತು. ಅವ್ವಂದು ಒಳಗೇ ಅಡಗೈತೆ!"

ಬಿಳಿ ಹಾವು ಓಬಯ್ಯನ ಕಣಜ ಸೇರಿತು. ಹುಡುಗಿ ಅಪ್ಪನ ಮನೆಯಲ್ಲೇ ಉಳಿದಳು. ಮಾಳವ್ವ ಖಾಲಿ ಬುಟ್ಟಿಯನ್ನ ತಲೆ ಮೇಲೆ ಕವುಚಿಕೊಂಡು ದಾಪುಗಾಲು ಹಾಕಿದಳು. ಹಿಂದಿನಿಂದ ದುಗ್ಗ ಓಡಿ ಬಂದ.

"ನಿಲ್ಲವ್ವಾ! ಮೊದಲು ಅಜ್ಜನ ವಿಚಾರಿಸಬೇಕು ಅಂದಿದ್ದೆಯಲ್ಲ. ಹೇಳವ್ವಾ, ನಿಮ್ಮಪ್ಪ ಪೆದ್ದನಾ?"