ಬೀಜ ತೆಗೆಸಿಕೊಂಡ ಮೆಣಸಿನಕಾಯಿ

ಭಾಮಿನಿಯವರ ಮನೆಯ ಪಾರ್ಟಿಗೆ ಮೆಣಸಿನಕಾಯಿಯಲ್ಲಿ ಪನೀರ್ ತುಂಬಿ ಓವನ್ನಿನಲ್ಲಿ ಬೇಯಿಸುವುದೆಂದು ತೀರ್ಮಾನವಾಯಿತು.

"ಬರುವವರು ದೊಡ್ಡವರು, ಖಾರ ತಡೆಯುವವರಲ್ಲ. ಬೀಜ ಬಿಟ್ಟುಕೊಟ್ಟರೆ ಮಾತ್ರ ನಿನಗೆ ಪ್ರವೇಶ," ಎಂದಿತು ಚಾಕು.

"ತಟ್ಟೆಯಲ್ಲಿ ಜಾಗ ಸಿಗುವುದಾದರೆ ಬೀಜವೇನು ಮಹಾ! ತೆಗೆಯಿರಿ," ಎಂದ ಮೆಣಸಿನಕಾಯಿ ಸಂತೋಷದಿಂದಲೇ ಹೊಟ್ಟೆ ಸೀಳಿಸಿಕೊಂಡಿತು.

ಪಾರ್ಟಿಯಲ್ಲಿ ಅತಿಥಿಯೊಬ್ಬರು ಅದನ್ನು ಅನುಮಾನದಿಂದ ನೋಡಿದರು. "ಮೆಣಸಿನಕಾಯಿ ಅಂದಮೇಲೆ ಖಾರ ಇದ್ದೇ ಇರುತ್ತೆ ಕಣ್ರೀ," ಎನ್ನುತ್ತ ಪನೀರನ್ನಷ್ಟೇ ಚಮಚದಲ್ಲಿ ಕೆರೆದು ತಿಂದು, ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿದರು.

"ನನ್ನಲ್ಲಿ ಖಾರವೇ ಇಲ್ಲ, ಸ್ವಾಮೀ!" ಎಂದು ಅದು ಕೂಗಿಕೊಂಡಿತು. ಯಾರಿಗೂ ಕೇಳಿಸಲಿಲ್ಲ.

ಅಂಚಿನಲ್ಲಿ ಮೊದಲೇ ಬಿದ್ದಿದ್ದ ಚಿತ್ರಾನ್ನದ ಕರಿಬೇವು ಸ್ವಲ್ಪ ಸರಿದು ಜಾಗ ಕೊಟ್ಟಿತು. "ಬಾರಪ್ಪ, ಕೂತ್ಕೋ. ಎಸೆಯುವ ಮೊದಲು ನಿನ್ನ ಘಮ ಬಿಟ್ಟುಕೊಡು ಅಂತ ನನಗೆ ಯಾರೂ ಹೇಳಿರಲಿಲ್ಲ."