ಭರಣಿಯಲ್ಲಿ ಮೂರು ರೀಲು

ಉಪ್ಪಿನ ಭರಣಿಯಲ್ಲಿ ರೀಲು ಯಾಕಿತ್ತು ಅಂತ ಎಲ್ಲರೂ ಕೇಳೋರೇ. ನನ್ನ ಪಾಡು ಯಾರು ಕೇಳ್ತಾರೆ? ಹೊನ್ನಾವರದ ನಮ್ಮ ಕಚೇರಿಗೆ ಹೊಸ ಸಾಹೇಬ್ರು ಬಂದ್ರು. ಅವರಿಗೆ ಸಮುದ್ರದಲ್ಲಿ ಫ್ಲೈ ಫಿಶಿಂಗ್, ಅಂದ್ರೆ ನಕಲಿ ನೊಣ ಕಟ್ಟಿ ಗಾಳ ಹಾಕೋ ಹುಚ್ಚು. ಗಾಳದ ದಾರ ಸುತ್ತೋ ಮೂರು ರೀಲು ಮೇಜಿನ ಮೇಲಿಟ್ಟು, "ನೀನು ಕರಾವಳಿಯವನು. ಉಪ್ಪುನೀರಿಗೆ ಯಾವುದು ತಡೀತದೆ, ಆರಿಸು. ಆಮೇಲೆ ತುಕ್ಕು ಹಿಡಿದ್ರೆ ನಿನಗೆ ಬೀದರಿಗೆ ವರ್ಗ" ಅಂದ್ರು.

ನಾನು ಕಂಡಿದ್ದು ಬೀಸುಬಲೆ ಒಂದೇ. "ಆದೇಶ ಬರೆದುಕೊಡಿ ಸಾರ್" ಅಂದೆ. ಆದೇಶ ಅಂದ್ರೆ ಅವರಿಗೆ ಪ್ರಾಣ. 'ಉಪ್ಪುನೀರಿನಲ್ಲಿ ಪರೀಕ್ಷಿಸಿ ವರದಿ ಸಲ್ಲಿಸತಕ್ಕದ್ದು' ಅಂತ ಬರೆದು ಸೀಲೂ ಒತ್ತಿದ್ರು.

ಮನೇಲಿ ಮಳೆಗಾಲಕ್ಕೆ ಅಂತ ಹಲಸಿನ ಸೊಳೆ ಉಪ್ಪುನೀರಲ್ಲಿ ಹಾಕಿಟ್ಟ ಭರಣಿ ಇತ್ತು. ಮೂರನ್ನೂ ಅದರೊಳಗೆ ಇಳಿಬಿಟ್ಟೆ. ಎಂಟು ದಿನದ ಮೇಲೆ ತೆಗೆದು ತಿರುಗಿಸಿದ್ರೆ, ಸಾಹೇಬ್ರ ಮುದ್ದಿನ ಬಂಗಾರ ಬಣ್ಣದ್ದು ಅಲ್ಲಾಡ್ಲಿಲ್ಲ. ಇನ್ನೊಂದು ನರಳ್ತು. ಕರಿ ಬಣ್ಣದ್ದು ಮಾತ್ರ ಗಿರ್ರಂತ ತಿರುಗ್ತು.

"ನನ್ನ ರೀಲು ಹಾಳು ಮಾಡಿದೆಯಲ್ಲೋ" ಅಂತ ಸಾಹೇಬ್ರು ಎದ್ದು ನಿಂತ್ರು. ನಾನು ಆದೇಶ ಮುಂದಿಟ್ಟೆ. ತಮ್ಮದೇ ಸಹಿ ಎರಡು ಸಲ ನೋಡಿ ಕೂತ್ರು. ಆಮೇಲೆ ಕರಿ ರೀಲು ಮೂಸಿ, "ಇದೇನು ವಾಸನೆ?" ಅಂದ್ರು.

"ಸೊಳೇದು ಸಾರ್. ಮೀನುಗಳ ಅಭ್ಯಂತರ ಏನೂ ಇರಲ್ಲ."

ಸಾಹೇಬ್ರು ಕರಿ ರೀಲನ್ನೇ ಇಟ್ಕೊಂಡ್ರು. ವರ್ಗ ತಪ್ಪಿತು ಅಂತ ಕುಣೀತಾ ಮನೆಗೆ ಬಂದೆ. ನಮ್ಮನೆಯವಳು ಭರಣಿ ತಂದು ನನ್ನ ಮುಂದೆ ಕುಕ್ಕಿದಳು. "ತುಕ್ಕು ಹಿಡಿಯದ ರೀಲು ಸಾಹೇಬ್ರಿಗೆ ಕೊಟ್ರಿ. ತುಕ್ಕು ಹಿಡಿದ ಸೊಳೆ ನೀವು ತಿನ್ನೋಕೆ ಆದೇಶ ನಾನು ಬರೆದುಕೊಡ್ಲಾ?"